ಸುಸ್ತು ಹಾಗೇ ಇದೆ, ಪೇಸಿಂಗ್‌ನಿಂದ ಲಾಭವೇನು?

ಪ್ರಶ್ನೆ: ನನಗೆ 36 ವರ್ಷ, ಊರು ಮೂಡಿಗೆರೆ ಹತ್ತಿರ. ಎರಡು ವರ್ಷದ ಹಿಂದೆ ಜ್ವರ ಬಂದು ಹೋದಾಗಿನಿಂದ ಸುಸ್ತು ಬಿಟ್ಟಿಲ್ಲ. ಒಂದು ದಿನ ಮನೆಕೆಲಸ ಪೂರ್ತಿ ಮಾಡಿದರೆ ಮರುದಿನವೋ ನಾಡಿದ್ದೋ ಹಾಸಿಗೆ ಹಿಡಿಯುತ್ತೇನೆ. ರಕ್ತಪರೀಕ್ಷೆಗಳೆಲ್ಲ ನಾರ್ಮಲ್. ವೈದ್ಯರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಹೇಳಿ ಪೇಸಿಂಗ್ (ಶಕ್ತಿಯ ಮಿತಿಯೊಳಗೇ ಕೆಲಸ ಮಾಡಿ, ನಡುನಡುವೆ ವಿಶ್ರಾಂತಿ ಪಡೆಯುವುದು) ಮಾಡಲು ತಿಳಿಸಿದರು. ಎರಡು ತಿಂಗಳಾಯಿತು, ಸುಸ್ತು ಹಾಗೇ ಇದೆ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ನಡೆದರೆ ಸರಿಹೋಗುತ್ತೆ ಅನ್ನುತ್ತಾರೆ ಮನೆಯವರು. ಪೇಸಿಂಗ್ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಉತ್ತರ: ಸುಸ್ತನ್ನು ಅಳೆದು ಪೇಸಿಂಗ್‌ಗೆ ಅಂಕ ಕೊಡಬೇಡಿ. ಅದು ಕಾಯಿಲೆ ವಾಸಿಮಾಡುವ ಔಷಧವಲ್ಲ. ದುಡಿದ 12ರಿಂದ 48 ಗಂಟೆ ಬಿಟ್ಟು ಮೈ ಬೀಳುತ್ತದಲ್ಲ, ಆ ಕುಸಿತವನ್ನು ತಡೆಯುವುದಷ್ಟೇ ಅದರ ಕೆಲಸ. ಹಾಗಾಗಿ ತಿಂಗಳಿಗೆ ಎಷ್ಟು ಸಲ ಹಾಸಿಗೆ ಹಿಡಿದಿರಿ, ಪ್ರತಿ ಸಲ ಎಷ್ಟು ದಿನ ಎಂಬುದನ್ನು ಎಣಿಸಿ. ಮೊದಲು ತಿಂಗಳಿಗೆ ಐದು ಸಲ ಬೀಳುತ್ತಿದ್ದವರು ಈಗ ಎರಡು ಸಲ ಬೀಳುತ್ತಿದ್ದರೆ, ದಿನದ ಸುಸ್ತು ಹಾಗೇ ಇದ್ದರೂ ಪೇಸಿಂಗ್ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಮನೆಯವರ ಮಾತು ಅವರೊಬ್ಬರದ್ದಲ್ಲ, ಬಹಳ ಕಾಲ ವೈದ್ಯರೂ ಹೀಗೇ ಹೇಳುತ್ತಿದ್ದರು. ಬ್ರಿಟನ್ನಿನಲ್ಲಿ 641 ರೋಗಿಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ 'ಪೇಸ್' ಪ್ರಯೋಗದಲ್ಲಿ ಪೇಸಿಂಗ್‌ನಿಂದ ಹೆಚ್ಚಿನ ಲಾಭ ಕಾಣಲಿಲ್ಲ. ವ್ಯಾಯಾಮವನ್ನು ಹಂತಹಂತವಾಗಿ ಏರಿಸುವ ಚಿಕಿತ್ಸೆ ಮತ್ತು ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ಮೇಲೆಂದು ತೀರ್ಮಾನವಾಯಿತು. ಆದರೆ ಅಳತೆಯಲ್ಲೇ ಎಡವಟ್ಟಿತ್ತು. ಮುಖ್ಯ ಫಲಿತಾಂಶಗಳೆಲ್ಲ ರೋಗಿಗಳೇ ತುಂಬಿದ ಪ್ರಶ್ನಾವಳಿಯವು. ತಮಗೆ ಯಾವ ಚಿಕಿತ್ಸೆ ಎಂಬುದು ಅವರಿಗೆ ಗೊತ್ತಿತ್ತು. ದೈಹಿಕ ಸಾಮರ್ಥ್ಯದ 100 ಅಂಕಗಳಲ್ಲಿ 65 ಅಥವಾ ಕಡಿಮೆ ಬಂದವರನ್ನು ಕಾಯಿಲೆಯವರೆಂದು ಸೇರಿಸಿಕೊಂಡು, ಕೊನೆಗೆ 60 ಅಥವಾ ಹೆಚ್ಚು ಬಂದವರನ್ನು 'ಸಾಮಾನ್ಯ ಮಟ್ಟ'ಕ್ಕೆ ಸೇರಿಸಿದರು. ಒಂದಂಕವೂ ಏರದೆ ಗುಣವಾದಂತೆ ಕಾಣುವ ಲೆಕ್ಕ! ಆರು ನಿಮಿಷದ ನಡಿಗೆಯಲ್ಲಿ ವ್ಯಾಯಾಮದ ಗುಂಪು ವರ್ಷದ ಕೊನೆಗೆ ಸರಾಸರಿ 379 ಮೀಟರ್ ನಡೆಯಿತು, ಬರೀ ತಜ್ಞ ವೈದ್ಯರ ಆರೈಕೆಯಲ್ಲಿದ್ದವರು 348. ಆರೋಗ್ಯವಂತರು ಅಷ್ಟೇ ಹೊತ್ತಿನಲ್ಲಿ 500 ಮೀಟರ್ ಮೀರಿ ನಡೆಯುತ್ತಾರೆ. 2021ರಲ್ಲಿ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆ ಈ ಕಾಯಿಲೆಗೆ ನಿಗದಿತ ಪ್ರಮಾಣದಲ್ಲಿ ಏರಿಸುವ ವ್ಯಾಯಾಮ ಬೇಡವೆಂದು ಹೇಳಿ, ಶಕ್ತಿಯ ನಿರ್ವಹಣೆಯನ್ನು ಮುಂದಿಟ್ಟಿತು. ಪೇಸಿಂಗ್ ಪರವಾದ ಪುರಾವೆಯೂ ಗಟ್ಟಿಯಾಗಿಲ್ಲ ಅನ್ನುವುದೂ ನಿಜ. ಹೆಚ್ಚಿನದು ರೋಗಿಗಳ ಅನುಭವ. ಅದಕ್ಕೇ ನಿಮ್ಮ ಲೆಕ್ಕ ನೀವೇ ಇಡಬೇಕು.

ಒಂದು ನೋಟ್‌ಬುಕ್ ಸಾಕು. ಎರಡು ವಾರ ಏನನ್ನೂ ಬದಲಿಸದೆ ಬರೆದುಕೊಳ್ಳಿ: ಏನು ಮಾಡಿದಿರಿ, ಎಷ್ಟು ನಿಮಿಷ, ಕೂತೋ ನಿಂತೋ, ನಿದ್ದೆ ಹೇಗಿತ್ತು, ಕುಸಿತ ಬಂತೇ. ತಲೆ ಖರ್ಚಾಗುವ ಕೆಲಸವನ್ನೂ ಬರೆಯಿರಿ, ಮಕ್ಕಳ ಹೋಮ್‌ವರ್ಕ್, ಫೋನಿನ ಮಾತು, ನೆಂಟರು ಬಂದದ್ದು ಕೂಡ. ಅನೇಕರು ಇದನ್ನು ಬಿಟ್ಟು, ಏನೂ ಮಾಡದೆ ಬಿದ್ದೆ ಅನ್ನುತ್ತಾರೆ. ಕುಸಿತ ತರದ ದಿನಗಳ ಕೆಲಸದ ನಿಮಿಷಗಳ ಸರಾಸರಿ ತೆಗೆದು, ಅದರ ಸುಮಾರು ಶೇಕಡ 70ರಷ್ಟು ಭಾಗವನ್ನು ದಿನದ ಮಿತಿಯಾಗಿ ಇಟ್ಟುಕೊಂಡು ಶುರುಮಾಡಿ.

ಅಕ್ಕಿರೊಟ್ಟಿಯನ್ನೇ ನೋಡಿ. ಹಿಟ್ಟು ಉಕ್ಕರಿಸಿ, ಬಿಸಿಯಲ್ಲೇ ನಾದಿ, ತಟ್ಟಿ, ಎಂಟು ರೊಟ್ಟಿ ಬೇಯಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಒಲೆ ಮುಂದೆ ನಿಂತಿರುತ್ತೀರಿ, ಕೈಯೂ ಬಿಡುವಿಲ್ಲ. ಇದನ್ನು ಒಡೆಯಬೇಕು. ನಾದುವ ಕೆಲಸ ಕೂತು ಮಾಡಿ, ಹತ್ತು ನಿಮಿಷ ಮಲಗಿ, ಎತ್ತರದ ಸ್ಟೂಲಿನ ಮೇಲೆ ಕೂತು ತಟ್ಟಿ, ಬೇಯಿಸುವುದನ್ನು ಇನ್ನೊಬ್ಬರಿಗೆ ಬಿಡಿ. ಮಲಗುವುದೆಂದರೆ ಕಣ್ಣು ಮುಚ್ಚಿ ಮಲಗುವುದು. ಮೊಬೈಲ್ ನೋಡುವುದು ವಿಶ್ರಾಂತಿಯಲ್ಲ. ಸುಸ್ತಾದ ಮೇಲೆ ಕೂರುವುದಲ್ಲ, ಆಗುವ ಮುಂಚೆ ಕೂರಬೇಕು. ಇಲ್ಲೇ ಎಲ್ಲರೂ ತಪ್ಪುವುದು. ಇನ್ನೊಂದು ತಪ್ಪು ಒಳ್ಳೆಯ ದಿನದಲ್ಲಿ ಆಗುತ್ತದೆ: ಬಾಕಿ ಬಟ್ಟೆಯನ್ನೆಲ್ಲ ಒಗೆಯುವ ಕಲ್ಲಿಗೆ ಹಾಕಿ, ಅದೇ ಉಮೇದಿನಲ್ಲಿ ಚಿಕ್ಕಮಗಳೂರಿಗೂ ಹೋಗಿ ಬಂದುಬಿಡುವುದು.

ನಾಡಿಯೂ ಸಹಾಯಕ್ಕೆ ಬರುತ್ತದೆ. ಬೆಳಿಗ್ಗೆ ಏಳುವ ಮುಂಚೆ, ಹಾಸಿಗೆಯಲ್ಲೇ ಏಳು ದಿನ ನಾಡಿ ಎಣಿಸಿ ಸರಾಸರಿ ತೆಗೆಯಿರಿ. ಅದು 78 ಇದ್ದರೆ 15 ಸೇರಿಸಿ 93. ಕೆಲಸದ ನಡುವೆ ಇದನ್ನು ದಾಟಿದರೆ ನಿಲ್ಲಿಸಿ. ವಯಸ್ಸಿನ ಸೂತ್ರವೂ ಉಂಟು: 220ರಲ್ಲಿ 36 ಕಳೆದು 0.6ರಿಂದ ಗುಣಿಸಿದರೆ ಸುಮಾರು 110. ಎರಡೂ ಅಂದಾಜುಗಳೇ. ಸಣ್ಣದರಿಂದ ಶುರುಮಾಡುವುದು ಕ್ಷೇಮ. ನಾಡಿಯನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ನಿಂತ ಹತ್ತು ನಿಮಿಷದಲ್ಲಿ ನಾಡಿ 30ಕ್ಕಿಂತ ಹೆಚ್ಚು ಏರಿ ತಲೆ ತಿರುಗುತ್ತಿದ್ದರೆ ವೈದ್ಯರಿಗೆ ಹೇಳಿ. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ಎರಡು ತಿಂಗಳು ತೀರ್ಪಿಗೆ ಸಾಲದು. ಇನ್ನೊಂದು ತಿಂಗಳು ಸೇರಿಸಿ, ಮೊದಲ ತಿಂಗಳ ಕುಸಿತದ ದಿನಗಳನ್ನೂ ಮೂರನೆಯ ತಿಂಗಳಿನವನ್ನೂ ಅಕ್ಕಪಕ್ಕ ಬರೆದು ನೋಡಿ. ಕಡಿಮೆಯಾಗದಿದ್ದರೆ ಮಿತಿಯನ್ನು ಇನ್ನೂ ಇಳಿಸಿ. ಮೂರು-ನಾಲ್ಕು ವಾರ ಒಂದೂ ಕುಸಿತವಿಲ್ಲದಿದ್ದರೆ ಒಂದೇ ಒಂದು ಕೆಲಸಕ್ಕೆ ಐದು ನಿಮಿಷ ಸೇರಿಸಿ, ಮೂರು ದಿನ ಕಾದು ನೋಡಿ. ತೂಕ ಇಳಿಯುವುದು, ಸಂಜೆ ಜ್ವರ, ಉಸಿರುಕಟ್ಟುವಿಕೆ, ಎದೆನೋವು ಕಂಡರೆ ಇದೂ ಅದೇ ಸುಸ್ತೆಂದು ಸುಮ್ಮನಿರದೆ ಮತ್ತೆ ತಪಾಸಣೆಗೆ ಹೋಗಿ, ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ.