ಓದುಗರ ಪ್ರಶ್ನೆ: ಸರ್ಕಾರಿ ಶಾಲೆಯ ಶಿಕ್ಷಕ ವೃತ್ತಿ ಈಗ ಯಾಕೆ ಬೇಡವಾಗಿದೆ?

ಪ್ರಶ್ನೆ: ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದಿರುವ ನನ್ನ ಮಗಳು ಡಿ.ಇಡಿ. (ಶಿಕ್ಷಕ ತರಬೇತಿಯ ಡಿಪ್ಲೊಮಾ) ಮಾಡಿ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ ಎನ್ನುತ್ತಾಳೆ. ನೆಂಟರಿಷ್ಟರೆಲ್ಲ ಬೇಡವೆನ್ನುತ್ತಿದ್ದಾರೆ. ಸಂಬಳ ಅಷ್ಟು ಕಡಿಮೆಯೇ?
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಸಂಬಳವೇ ಕಾರಣವೆಂದು ನನಗೆ ಅನಿಸುವುದಿಲ್ಲ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಕಾಯಂ ಶಿಕ್ಷಕರ ವೇತನ ಮರ್ಯಾದೆಯಿಂದ ಸಂಸಾರ ತೂಗಿಸುವಷ್ಟಿದೆ. 2006ರ ಏಪ್ರಿಲ್‌ನಿಂದೀಚೆಗೆ ಸೇರಿದವರಿಗೆ ಹಳೆಯ ಪಿಂಚಣಿ ತಪ್ಪಿಹೋದ ಕೊರಗು ಇದೆ, ನಿಜ. ಆದರೆ ಎಳೆಯರನ್ನು ನಿಜಕ್ಕೂ ಕಂಗೆಡಿಸುವುದು ತರಬೇತಿ ಮುಗಿದ ದಿನಕ್ಕೂ ನೇಮಕಾತಿ ಆದೇಶ ಕೈಗೆ ಬರುವ ದಿನಕ್ಕೂ ನಡುವಿನ ಕಾಲ. ಎರಡು ವರ್ಷ ಓದಿ, ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯಲ್ಲಿ 150ಕ್ಕೆ 90 ಅಂಕ ತೆಗೆದರೂ (ಇದು ಸಾಮಾನ್ಯ ವರ್ಗದ ಮಿತಿ) ಕೆಲಸ ಸಿಗುವುದಿಲ್ಲ; ಮತ್ತೊಂದು ಸ್ಪರ್ಧಾತ್ಮಕ ಪರೀಕ್ಷೆಯ ಅಧಿಸೂಚನೆಗಾಗಿ ಕಾಯಬೇಕು, ಅದು ಯಾವ ವರ್ಷ ಬರುತ್ತದೆಂದು ಯಾರೂ ಹೇಳುವುದಿಲ್ಲ. ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರನ್ನು ನೇಮಿಸಲು 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ವಿವಾಹಿತ ಮಹಿಳೆಯರ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯದಾಗಿರಬೇಕೇ ಗಂಡನದಾಗಿರಬೇಕೇ ಎಂಬ ತಕರಾರು ಹೈಕೋರ್ಟ್ ಮೆಟ್ಟಿಲೇರಿ, ಆಯ್ಕೆಯಾದವರು ಒಂದು ವರ್ಷಕ್ಕೂ ಹೆಚ್ಚು ಕಾಲ ಅತಂತ್ರರಾಗಿ ಉಳಿದರು. ಆಗ ಅವರು ಅನುಭವಿಸಿದ ಸಂಕಟವನ್ನು ಕಂಡ ಮನೆಗಳಲ್ಲಿ ತಂಗಿ ತಮ್ಮಂದಿರು ಈ ದಾರಿ ಹಿಡಿಯಲು ಹೆದರಿದರೆ ಅವರನ್ನು ದೂರಲಾಗದು. ಕಾಯುವ ಅವಧಿಯಲ್ಲಿ ಅತಿಥಿ ಶಿಕ್ಷಕರಾದರೆ ತಿಂಗಳಿಗೆ ಸಿಗುವುದು ಹತ್ತು ಹನ್ನೆರಡು ಸಾವಿರದ ಗೌರವಧನ, ಅದೂ ಬೇಸಿಗೆ ರಜೆಗೆ ಇಲ್ಲ.

ಆದರೂ ಮಗಳನ್ನು ತಡೆಯಬೇಡಿ. ಒಂದರಿಂದ ಐದನೇ ತರಗತಿಗೆ ಬಿ.ಇಡಿ. ಅರ್ಹತೆಯಲ್ಲವೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿರುವುದರಿಂದ ಅವಳು ಆರಿಸಿಕೊಂಡ ಡಿ.ಇಡಿ.ಯೇ ಸರಿಯಾದ ದಾರಿ. ನಿಮ್ಮ ಜಿಲ್ಲೆ, ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯಲ್ಲಿದೆ. ಅಧಿಸೂಚನೆ ಬಂದ ಮೇಲೆ ಓಡಾಡುವ ಬದಲು ಅದರ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ನೇಮಕಾತಿಗೆ ಕಾಯುವಾಗ ವಯಸ್ಸೂ ಅವಕಾಶವೂ ಕೈಜಾರದಂತೆ ಪದವಿಯನ್ನೂ ಮುಗಿಸಿಕೊಳ್ಳಲಿ.

ಪ್ರಶ್ನೆ: ಶಿಕ್ಷಕರನ್ನು ಪಾಠದ ಹೊರತಾದ ಕೆಲಸಕ್ಕೆ ಹಚ್ಚಬಾರದೆಂದು ಕಾನೂನೇ ಇದೆಯಲ್ಲವೇ?
– ಸೇವೆಯಲ್ಲಿರುವ ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳನ್ನು ಬಿಟ್ಟು ಉಳಿದುದಕ್ಕೆ ನಿಷೇಧ ಹಾಕಿದೆ. ಹಾಗಿದ್ದೂ 2025ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರು ಶಿಕ್ಷಕರೇ. ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಒಂದು ದಿನ ಮುಗಿಯುತ್ತದೆ, ದಿನನಿತ್ಯದ ಕೆಲಸ ಮುಗಿಯುವುದಿಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯನ್ನು ನೆನೆಯಿರಿ: ಎಳೆಯ ಮಕ್ಕಳು ಕಾರ್ಡುಗಳ ಮೂಲಕ ಆಡುತ್ತ ಕಲಿಯುವ ನಲಿಕಲಿ ಕೋಣೆಯಲ್ಲಿ ಒಂದನೆಯ ತರಗತಿಯ ಮಗು ತನ್ನ ಕಾರ್ಡು ಹಿಡಿದು ‘ತಟ್ಟೆ’ಯಿಂದ, ಅಂದರೆ ತಾನು ಕೂತ ಗುಂಪಿನಿಂದ, ಎದ್ದು ಬಂದು ನಿಂತಿರುತ್ತದೆ, ಟೀಚರ್ ಮೊಟ್ಟೆ ಎಣಿಸುತ್ತಿರುತ್ತಾರೆ, ಇಲ್ಲವೇ ಹಾಲಿನ ಪುಡಿಯ ಲೆಕ್ಕ ಬರೆಯುತ್ತಿರುತ್ತಾರೆ, ಇಲ್ಲವೇ ನೆಟ್‌ವರ್ಕ್ ಸಿಗದ ಮೊಬೈಲಿನಲ್ಲಿ ಹಾಜರಾತಿ ತುಂಬುತ್ತಿರುತ್ತಾರೆ. ಮೊಟ್ಟೆಯೂ ಹಾಲೂ ಮಕ್ಕಳಿಗೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಲೆಕ್ಕ ಬರೆಯಲು ಕ್ಲಸ್ಟರಿಗೊಬ್ಬ (ಅಕ್ಕಪಕ್ಕದ ಶಾಲೆಗಳ ಗುಂಪಿಗೊಬ್ಬ) ಗುಮಾಸ್ತರನ್ನು ಕೊಡಿ ಎಂದು ನೀವೆಲ್ಲ ಕೇಳುತ್ತಿರುವುದು ನ್ಯಾಯವಾದ ಬೇಡಿಕೆ. ಸಂಘದ ಮೂಲಕ ಅದನ್ನು ಲಿಖಿತವಾಗಿ ಸಲ್ಲಿಸುವಾಗ, ಒಂದು ವಾರದಲ್ಲಿ ಯಾವ ಯಾವ ಅವಧಿ ಪಾಠ ತಪ್ಪಿತೆಂಬ ಪಟ್ಟಿಯನ್ನೂ ಜೊತೆಗಿಡಿ.