ಹದಿನಾರಕ್ಕೆ ಇನ್ನೊಂದು ಎಲೆ ಬೇಕೋ, ಬೇಡವೋ?

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿ, ಸಂಖ್ಯಾಶಾಸ್ತ್ರ ಒಂದು ವಿಷಯ. ರೂಮಿನ ಗೆಳೆಯರು ಗೋವಾಕ್ಕೆ ಹೊರಟಿದ್ದಾರೆ. ಅವರಲ್ಲೊಬ್ಬ ‘ಬ್ಲ್ಯಾಕ್‌ಜಾಕ್ ಅಂದ್ರೆ ಬರೀ ಲೆಕ್ಕ ಕಣೋ, ಕಲಿತವನು ಸೋಲೋದೇ ಇಲ್ಲ’ ಅಂತಾನೆ. ನಿಜವೇ ಸರ್? ಆ ಲೆಕ್ಕ ಕಲಿಯೋದು ಹೇಗೆ?
– ಓದುಗ, ವಿದ್ಯಾನಗರ, ದಾವಣಗೆರೆ

ಉತ್ತರ: ಬರೀ ಲೆಕ್ಕ ಅನ್ನೋದು ನಿಜ. ಸೋಲೋದೇ ಇಲ್ಲ ಅನ್ನೋದು ಸುಳ್ಳು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ನಿಮ್ಮ ಎದುರಾಳಿ ಕ್ಯಾಸಿನೊ ಪರವಾಗಿ ಎಲೆ ಹಂಚುವ ಡೀಲರ್ ಒಬ್ಬನೇ. ಎಲೆಗಳ ಮೊತ್ತ 21ಕ್ಕೆ ಹತ್ತಿರ ಬರಬೇಕು, ದಾಟಿದರೆ ಬಸ್ಟ್, ದುಡ್ಡು ಹೋಯಿತು. ರಾಜ, ರಾಣಿ, ಗುಲಾಮ ಮೂವರಿಗೂ ಹತ್ತೇ ಬೆಲೆ. ಎಕ್ಕ ಒಂದೂ ಆಗುತ್ತದೆ, ಹನ್ನೊಂದೂ ಆಗುತ್ತದೆ. ಡೀಲರ್‌ನ ಒಂದು ಎಲೆ ಮಾತ್ರ ನಿಮಗೆ ಕಾಣುತ್ತದೆ. ಅವನು ತನ್ನ ಬುದ್ಧಿ ಓಡಿಸುವಂತಿಲ್ಲ. 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಲೆ ಎಳೆಯಲೇಬೇಕು, 17 ಬಂದರೆ ನಿಲ್ಲಬೇಕು. ರಮ್ಮಿಯಲ್ಲಾದರೆ ಎದುರಿನವನ ಮುಖ ನೋಡಿ ಆಡಬೇಕಾಗುತ್ತೆ. ಇಲ್ಲಿ ಅದು ಬೇಕಿಲ್ಲ, ಆದ್ದರಿಂದಲೇ ಪೂರ್ತಿ ಲೆಕ್ಕ ಹಾಕೋಕಾಗುತ್ತದೆ.

ಹಾಗಾದರೆ ಮನೆಯವರಿಗೆ, ಅಂದರೆ ಕ್ಯಾಸಿನೊಗೆ, ಲಾಭ ಎಲ್ಲಿಂದ? ಮೊದಲು ಎಲೆ ಎಳೆಯುವವರು ನೀವು. ನೀವು ಬಸ್ಟ್ ಆದ ತಕ್ಷಣ ದುಡ್ಡು ಅತ್ತ ಹೋಗುತ್ತದೆ. ಆಮೇಲೆ ಡೀಲರ್ ಬಸ್ಟ್ ಆದರೂ ಅದು ವಾಪಸ್ ಬರುವುದಿಲ್ಲ.

ಈ ಲೆಕ್ಕವನ್ನು ಮೊದಲು ಸರಿಯಾಗಿ ಮಾಡಿದವರು ಅಮೆರಿಕದ ಸೇನೆಯಲ್ಲಿದ್ದ ನಾಲ್ವರು: ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮ್ಯಾಕ್‌ಡರ್ಮಟ್. ಮೇಜಿನ ಮೇಲಿನ ಕ್ಯಾಲ್ಕ್ಯುಲೇಟರ್ ಒತ್ತಿ ಒತ್ತಿ ಮಾಡಿದ ಲೆಕ್ಕ 1956ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬಂತು. ಆಮೇಲೆ ಗಣಿತಜ್ಞ ಎಡ್ವರ್ಡ್ ಥಾರ್ಪ್ ಐಬಿಎಂ 704 ಕಂಪ್ಯೂಟರಿನಲ್ಲಿ ಅದನ್ನು ಇನ್ನಷ್ಟು ಚೊಕ್ಕ ಮಾಡಿದರು. ಯಾವ ಕೈಗೆ ಏನು ಮಾಡಬೇಕು ಅಂತ ಹೇಳುವ, ಈಗ ‘ಬೇಸಿಕ್ ಸ್ಟ್ರಾಟೆಜಿ’ ಅನ್ನುವ ಕೋಷ್ಟಕದ ಮೂಲ ಇದೇ.

ಕೋಷ್ಟಕವನ್ನು ಮಗ್ಗಿ ಥರ ಬಾಯಿಪಾಠ ಮಾಡಬೇಡಿ. ಡೀಲರ್‌ನ ಎಲೆ ನೋಡೋದನ್ನು ಮೊದಲು ಕಲಿಯಿರಿ. ಅವನ ಮುಂದೆ 6 ಇದ್ದರೆ ಅವನು ಬಸ್ಟ್ ಆಗುವ ಸಾಧ್ಯತೆ ಶೇ 42ರಷ್ಟು, 4 ಇದ್ದರೆ ಶೇ 40. 7 ಬಂತೋ, ಒಮ್ಮೆಲೇ ಶೇ 26ಕ್ಕೆ ಇಳಿಯುತ್ತದೆ. ಆರರಿಂದ ಏಳಕ್ಕೆ ಹೋಗುವಾಗಿನ ಈ ಇಳಿತ ತಲೆಯಲ್ಲಿ ಕೂತರೆ ಕೋಷ್ಟಕದ ಅರ್ಧ ಬಂದ ಹಾಗೆ. ನಿಮ್ಮ ಕೈಲಿ 13ರಿಂದ 16, ಅವನ ಮುಂದೆ 2ರಿಂದ 6 ಇದ್ದರೆ ನಿಂತುಬಿಡಿ, ಅವನೇ ಬಸ್ಟ್ ಆಗಲಿ. 7 ಅಥವಾ ಮೇಲಿದ್ದರೆ ಎಳೆಯಿರಿ. ಕೈಲಿ 12 ಇದ್ದರೆ ಮಾತ್ರ ಸ್ವಲ್ಪ ಬೇರೆ: 4, 5, 6ಕ್ಕೆ ನಿಲ್ಲಿ, 2 ಮತ್ತು 3ಕ್ಕೂ ಎಳೆಯಿರಿ. ಯಾಕಂದ್ರೆ 12ರ ಮೇಲೆ ಹತ್ತರ ಎಲೆ ಬಂದರೆ ಮಾತ್ರ ಬಸ್ಟ್, ಅದು ಹದಿಮೂರಕ್ಕೆ ನಾಲ್ಕು ಪಾಲು.

ಎಲ್ಲರೂ ತಡವರಿಸೋದು 16ರಲ್ಲಿ, ಡೀಲರ್ ಮುಂದೆ 10 ಕೂತಿರುವಾಗ. ನಿಂತರೆ ಅವನು ಬಸ್ಟ್ ಆದಾಗ ಮಾತ್ರ ನಿಮಗೆ ಗೆಲುವು, ಅದು ನೂರಕ್ಕೆ ಸುಮಾರು 23 ಸಲ. ನೂರು ರೂಪಾಯಿ ಕಟ್ಟಿದ್ದರೆ ಸರಾಸರಿ 54 ರೂಪಾಯಿ ಲುಕ್ಸಾನು. ಎಳೆದರೆ? ಹದಿಮೂರಕ್ಕೆ ಎಂಟು ಪಾಲು ನೀವೇ ಬಸ್ಟ್. ಅಲ್ಲೂ ಲುಕ್ಸಾನು 54ರ ಹತ್ತಿರವೇ, ಪೈಸೆ ಲೆಕ್ಕದಲ್ಲಿ ಎಳೆಯೋದು ವಾಸಿ. ಅರ್ಧ ಬಿಟ್ಟುಕೊಟ್ಟು ಏಳಲು ಅವಕಾಶ ಇದ್ದರೆ 50ಕ್ಕೇ ಮುಗಿಯುತ್ತದೆ, ಅದೇ ಒಳ್ಳೆಯದು. ಆದರೆ ಆ 16 ಎರಡು ಎಂಟರಿಂದ ಆಗಿದ್ದರೆ ಜೋಡಿ ಒಡೆಯಿರಿ, ಅಂದರೆ ಅಷ್ಟೇ ದುಡ್ಡು ಇನ್ನೊಮ್ಮೆ ಕಟ್ಟಿ ಎರಡು ಬೇರೆ ಕೈಯಾಗಿ ಆಡಿ, ಲುಕ್ಸಾನು ಸುಮಾರು 48ಕ್ಕೆ ಇಳಿಯುತ್ತದೆ. ಕೆಟ್ಟ ಕೈ ಬಂದಾಗ ಈ ಕೋಷ್ಟಕ ಗೆಲ್ಲೋದು ಹೇಗೆ ಅಂತ ಹೇಳಲ್ಲ, ಕಡಿಮೆ ಸೋಲೋದು ಹೇಗೆ ಅಂತ ಹೇಳುತ್ತದೆ.

ಉಳಿದದ್ದು ಬೇಗ ಬರುತ್ತದೆ. ಎಕ್ಕದ ಜೋಡಿ, ಎಂಟರ ಜೋಡಿ ಯಾವಾಗಲೂ ಒಡೆಯಿರಿ. ಐದರ ಜೋಡಿ, ಹತ್ತರ ಜೋಡಿ ಯಾವತ್ತೂ ಬೇಡ. 11ಕ್ಕೆ 2ರಿಂದ 10ರ ಎದುರು ಡಬಲ್ (ಕಟ್ಟಿದ್ದನ್ನು ದುಪ್ಪಟ್ಟು ಮಾಡಿ ಒಂದೇ ಒಂದು ಎಲೆ ಎಳೆಯೋದು), 10ಕ್ಕೆ 2ರಿಂದ 9ರ ಎದುರು. ಎಕ್ಕ-ಏಳು ಕೈಲಿದ್ದು ಡೀಲರ್ ಮುಂದೆ 9 ಇದ್ದರೆ ‘ಹದಿನೆಂಟು ಇದೆಯಲ್ಲ, ಸಾಕು’ ಅನಿಸುತ್ತೆ. ಸಾಕಾಗಲ್ಲ, ಎಳೆಯಿರಿ. ಡೀಲರ್ ಮುಂದೆ ಎಕ್ಕ ಇದ್ದಾಗ ‘ಇನ್ಶೂರೆನ್ಸ್’ (ಅವನ ಮುಚ್ಚಿದ ಎಲೆ ಹತ್ತರದ್ದು ಅಂತ ಬೇರೆ ಬಾಜಿ) ಅಂತ ಕೇಳಿದರೆ ಬೇಡ ಅನ್ನಿ. ಗೆದ್ದರೆ ಎರಡು ಪಟ್ಟು ಕೊಡುತ್ತಾರೆ, ಗೆಲ್ಲುವುದು ಹದಿಮೂರಕ್ಕೆ ನಾಲ್ಕು ಸಲ. ಲೆಕ್ಕ ನೀವೇ ಮಾಡಿ, ನೂರಕ್ಕೆ ಏಳೂ ಮುಕ್ಕಾಲು ರೂಪಾಯಿಯಷ್ಟು ಹೋಗುತ್ತದೆ.

ಅಭ್ಯಾಸಕ್ಕೆ ಒಂದು ಇಸ್ಪೀಟ್ ಕಟ್ಟು, ಒಂದು ಹಿಡಿ ಹುಣಸೆಬೀಜ ಸಾಕು. ಡೀಲರ್ ಮುಂದೆ ಒಂದು 6 ಇಟ್ಟು ಅದನ್ನು ಬದಲಿಸದೆ ನಿಮ್ಮ ಕೈ ಮಾತ್ರ ಹಾಕುತ್ತಾ ಹೋಗಿ. ಅದು ಸಲೀಸಾದ ಮೇಲೆ 10 ಇಟ್ಟು ಮಾಡಿ. ನೀವು ಸಂಖ್ಯಾಶಾಸ್ತ್ರದವರು, ಪೈಥಾನ್‌ನಲ್ಲಿ ಒಂದು ಲಕ್ಷ ಕೈ ಆಡಿಸಿ ಮೇಲಿನ 54, 48 ಬರುತ್ತವೋ ಇಲ್ಲವೋ ನೋಡಿ. ಒಂದೇ ಒಂದು ರೂಪಾಯಿ ಖರ್ಚಿಲ್ಲ.

ಇನ್ನು ನಿಮ್ಮ ಗೆಳೆಯನ ಮಾತಿಗೆ ಬರೋಣ. ನಿಯಮಗಳು ಚೆನ್ನಾಗಿದ್ದು ಒಂದೂ ತಪ್ಪದೆ ಆಡಿದರೆ ಕ್ಯಾಸಿನೊ ಪಾಲು ಶೇ ಅರ್ಧದ ಆಸುಪಾಸು. ಗಂಟೆಗೆ 60 ಕೈ, ಒಂದೊಂದಕ್ಕೆ ನೂರು ರೂಪಾಯಿ ಅಂದರೆ ಸರಾಸರಿ ನಷ್ಟ ಬರೀ 30 ರೂಪಾಯಿ. ಆದರೆ ಅದೇ ಒಂದು ಗಂಟೆಯಲ್ಲಿ ಎಂಟುನೂರು, ಒಂಬೈನೂರು ಮೇಲೆ-ಕೆಳಗೆ ಆಗೋದು ಮಾಮೂಲು. ಆ ಏರಿಳಿತದಲ್ಲಿ ಈ 30 ಕಣ್ಣಿಗೇ ಬೀಳಲ್ಲ. ಒಂದು ರಾತ್ರಿ ಗೆದ್ದವನು ಲೆಕ್ಕದಿಂದ ಗೆದ್ದೆ ಅಂದುಕೊಳ್ಳುತ್ತಾನೆ, ಪಾಪ. ಎಕ್ಕ ಮತ್ತು ಹತ್ತರ ಎಲೆ ಒಟ್ಟಿಗೆ ಬಂದಾಗ ನೂರಕ್ಕೆ 150ರ ಬದಲು 120 ಕೊಡುವ ಮೇಜಾದರೆ ಕ್ಯಾಸಿನೊ ಪಾಲು ಇನ್ನೂ ಶೇ 1.4ರಷ್ಟು ಏರುತ್ತದೆ. ನಿಮ್ಮ ಕಲಿಕೆಯೆಲ್ಲ ಅಲ್ಲೇ ನೀರುಪಾಲು.

ಅದಕ್ಕಿಂತ ದೊಡ್ಡದು ತೆರಿಗೆ. ಚಿಪ್ (ಮೇಜಿನಲ್ಲಿ ದುಡ್ಡಿನ ಬದಲು ಕಟ್ಟುವ ಬಿಲ್ಲೆ) ಕೊಳ್ಳಲು ಕೊಡುವ ಪೂರ್ತಿ ಹಣದ ಮೇಲೆ 2023ರ ಅಕ್ಟೋಬರ್‌ನಿಂದ ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ. ಇದನ್ನು ಬೇರೆ ಬಿಲ್ ಮಾಡಿ ಕೇಳಲಿ, ಪ್ಯಾಕೇಜಿನಲ್ಲೇ ಸೇರಿಸಲಿ, ಕೊನೆಗೆ ಬರೋದು ಆಡುವವರ ದುಡ್ಡಿನಿಂದಲೇ ಅಲ್ವಾ? ಗೆದ್ದದ್ದಕ್ಕೆ ಶೇ 30 ಆದಾಯ ತೆರಿಗೆ ಬೇರೆ, ಸೋತಿದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಈಗಾಗಲೇ ಬಿದ್ದ ಎಲೆಗಳ ಲೆಕ್ಕ ಇಟ್ಟು, ಅಂದರೆ ಎಲೆ ಎಣಿಸಿ, ಗೆಲ್ಲಬಹುದು ಅಂತ ಥಾರ್ಪ್ ತೋರಿಸಿದ್ದು ನಿಜ. ಅದರಿಂದ ಸಿಗೋದೂ ಶೇ ಒಂದರ ಆಸುಪಾಸಿನ ಲಾಭ, ಅದೂ ಎಡೆಬಿಡದೆ ಎಲೆ ಕಲಸುವ ಯಂತ್ರ ಇಲ್ಲದ ಕಡೆ. 40ರ ಮುಂದೆ ಆ ಒಂದು ಏನು ಮಾಡೀತು?

ಫೋನಿನಲ್ಲಿ ದುಡ್ಡು ಕಟ್ಟಿ ಕಲಿಯುವ ಯೋಚನೆ ಇದ್ದರೆ ಬಿಡಿ. ಹಣದ ಆನ್‌ಲೈನ್ ಆಟ ನಡೆಸುವುದನ್ನೇ 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಪ್ರಶ್ನೆ: ಸೋತಾಗಲೆಲ್ಲ ದುಪ್ಪಟ್ಟು ಕಟ್ಟುತ್ತಾ ಹೋದರೆ ಒಂದಲ್ಲ ಒಂದು ಸಲ ಗೆದ್ದೇ ಗೆಲ್ಲಬೇಕಲ್ಲ?
– ಓದುಗರು, ಚಿತ್ರದುರ್ಗ

ಉತ್ತರ: ಗೆಲ್ಲುತ್ತೀರಿ, ಅಲ್ಲಿಯವರೆಗೆ ಜೇಬು ತಡೆದರೆ. ನೂರರಿಂದ ಶುರು ಮಾಡಿ ಏಳು ಸಲ ಸತತ ಸೋತರೆ 12,700 ರೂಪಾಯಿ ಹೋಗಿರುತ್ತದೆ. ಎಂಟನೇ ಸಲ 12,800 ಕಟ್ಟಬೇಕು, ಗೆದ್ದರೆ ಒಟ್ಟು ಲಾಭ ಬರೀ ನೂರು. ಸಮ ಆದ ಕೈ ಬಿಟ್ಟರೆ ಸತತ ಏಳು ಸೋಲು ಸುಮಾರು ತೊಂಬತ್ತಕ್ಕೊಂದು ಸಲ ಬರುತ್ತದೆ. ಸಾಲದ್ದಕ್ಕೆ ಪ್ರತಿ ಮೇಜಿಗೂ ಇಷ್ಟೇ ಕಟ್ಟಬೇಕು ಅನ್ನುವ ಮಿತಿ ಇರುತ್ತದೆ.

ಪ್ರಶ್ನೆ: ಯುಗಾದಿ ಮರುದಿನ ನಮ್ಮ ಕಡೆ ಆಡುವ ಅಂದರ್-ಬಾಹರ್‌ಗೂ ಇಂಥ ಲೆಕ್ಕ ಇದೆಯೇ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ, ಅಲ್ಲಿ ನೀವು ತೀರ್ಮಾನ ಮಾಡುವಂಥದ್ದೇ ಇಲ್ಲ. ಮೊದಲ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆ ಗೆಲ್ಲುವ ಸಾಧ್ಯತೆ ಸುಮಾರು ಶೇ 51.5, ಅಷ್ಟೇ. ಕ್ಯಾಸಿನೊಗಳಲ್ಲಿ ಆ ಕಡೆ ಗೆದ್ದರೆ ನೂರಕ್ಕೆ 90 ಮಾತ್ರ ಕೊಡುವ ಪದ್ಧತಿಯೂ ಇದೆ.