‘ಅವನು’ ಅಂದದ್ದಕ್ಕೆ ಭಾವ ಎದ್ದು ಹೋದರು

ಪ್ರಶ್ನೆ: ಯುಗಾದಿ ಊಟಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ಬೇರೆ ಪಕ್ಷದವರು. ಕೊಬ್ಬರಿ ಬೆಲೆಯ ಮಾತು ಬಂದಾಗ ಅವರು ಮೆಚ್ಚುವ ನಾಯಕರನ್ನು ಏಕವಚನದಲ್ಲಿ ಬೈದೆ. ಭಾವ ಹೋಳಿಗೆ ಬಿಟ್ಟು ಎದ್ದರು. ಅಕ್ಕ ಈಗ ಫೋನ್ ಎತ್ತುತ್ತಿಲ್ಲ. ರೈತರಿಗೆ ಕೊಟ್ಟ ಮಾತು ತಪ್ಪಿದವರಿಗೆ ಬಹುವಚನ ಯಾಕೆ ಕೊಡಬೇಕು?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ತೆಂಗು ನಂಬಿದವರಿಗೆ ಬೆಲೆ ಬಿದ್ದರೆ ಹೊಟ್ಟೆ ಉರಿಯುತ್ತದೆ. ಆದರೆ ಆ ದಿನ ಭಾವನವರ ಕಿವಿಗೆ ಬಿದ್ದದ್ದು ಕೊಬ್ಬರಿಯ ಮಾತಲ್ಲ, ‘ಅವನು’ ಅನ್ನುವ ಒಂದೇ ಪದ. ನಿಮ್ಮ ಒಳ್ಳೆಯ ಪ್ರಶ್ನೆ ಅದರಡಿ ಹೂತುಹೋಯಿತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ದೇವರನ್ನೂ ಅಮ್ಮನನ್ನೂ ನಾವು ಏಕವಚನದಲ್ಲೇ ಕರೆಯುತ್ತೇವೆ, ಅದು ಸಲಿಗೆ. ಸಿಟ್ಟಿನ ಏಕವಚನ ಬೇರೆ. ಅದು ಆ ನಾಯಕರಿಗೆ ತಲುಪುವುದೇ ಇಲ್ಲ. ಅವರಿಗೆ ವೋಟು ಹಾಕಿ ಎದುರಿಗೆ ಕೂತವರಿಗೆ ತಾಗುತ್ತದೆ.

ಚುನಾವಣೆ ಬಂದಾಗೆಲ್ಲ ನನಗೆ ಮತಗಟ್ಟೆ ಡ್ಯೂಟಿ ಬೀಳುತ್ತಿತ್ತು. ಒಂದು ಹಳ್ಳಿಯಲ್ಲಿ ವಯಸ್ಸಾದ ಏಜೆಂಟರೊಬ್ಬರು ಕನ್ನಡಕ ಮರೆತು ಬಂದಿದ್ದರು. ಮತದಾರರ ಪಟ್ಟಿ ಕೈಯಲ್ಲಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಎದುರು ಪಕ್ಷದ ಹುಡುಗ ಸಂಜೆವರೆಗೂ ಬೆರಳಿಟ್ಟು ‘ಇಲ್ಲಿ ಯಜಮಾನ್ರೇ, ಈ ಸಾಲು’ ಅಂತ ತೋರಿಸಿದ. ಅವರು ನಂಬಿ ಟಿಕ್ ಹಾಕಿಕೊಂಡರು. ಹೊರಗೆ ಇಬ್ಬರ ಕಡೆಯವರೂ ಹದಿನೈದು ದಿನ ಕೂಗಾಡಿದ್ದವರೇ. ನಾಯಕರ ಬಗ್ಗೆ ಯಾರು ಏನೇ ಹೇಳಲಿ, ನನಗೆ ಆ ಬೆರಳು ನೆನಪಾಗುತ್ತದೆ.

ದೊಡ್ಡವರಲ್ಲೂ ಇದು ಇತ್ತು. ನೆಹರೂ ಅವರ ಚೀನಾ ನೀತಿಯನ್ನು ವಾಜಪೇಯಿ ಸಂಸತ್ತಿನಲ್ಲಿ ಕಟುವಾಗಿ ಟೀಕಿಸಿದವರು. 1977ರಲ್ಲಿ ಅವರೇ ವಿದೇಶಾಂಗ ಸಚಿವರಾದರು. ದೆಹಲಿಯಲ್ಲಿ ಅವರ ಕಚೇರಿ ಇದ್ದ ಸೌತ್ ಬ್ಲಾಕ್ ಕಟ್ಟಡದ ಮೊಗಸಾಲೆಯಲ್ಲಿದ್ದ ನೆಹರೂ ಚಿತ್ರ ಕಾಣಲಿಲ್ಲ. ಎಲ್ಲಿ ಹೋಯಿತು ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ, ಚಿತ್ರ ಮಾತ್ರ ಗೋಡೆಗೆ ಮರಳಿತು. ಇದನ್ನು ಅವರೇ ಲೋಕಸಭೆಯಲ್ಲಿ ಹೇಳಿಕೊಂಡಿದ್ದಾರೆ. 1994ರಲ್ಲಿ ಕಾಂಗ್ರೆಸ್ಸಿನ ಪ್ರಧಾನಿ ನರಸಿಂಹ ರಾವ್, ಜಿನೀವಾದ ಮಾನವ ಹಕ್ಕುಗಳ ಸಭೆಗೆ ಭಾರತದ ನಿಯೋಗ ಕಳಿಸುವಾಗ, ವಿರೋಧ ಪಕ್ಷದ ನಾಯಕರಾಗಿದ್ದ ಅದೇ ವಾಜಪೇಯಿ ಅವರನ್ನು ಮುಂದೆ ನಿಲ್ಲಿಸಿದರು. ಇವರಲ್ಲಿ ಯಾರೂ ತಮ್ಮ ಟೀಕೆಯನ್ನು ಬಿಟ್ಟುಕೊಟ್ಟವರಲ್ಲ.

ಗೌರವ ಕೊಡಿ ಅಂದರೆ ಸುಮ್ನೆ ಇರಿ ಅಂತಲ್ಲ. ಯಾವ ಮಾತು ಕೊಟ್ಟಿದ್ದರು, ಯಾವಾಗ ಕೊಟ್ಟಿದ್ದರು, ಏನು ಮಾಡಲಿಲ್ಲ, ಇದನ್ನು ಗಟ್ಟಿಯಾಗಿ ಕೇಳಿ. ಆ ಪ್ರಶ್ನೆಗೆ ಬೈಗುಳಕ್ಕಿಂತ ಬಲ ಜಾಸ್ತಿ. ಭಾವನವರೂ ತೆಂಗು ಬೆಳೆಯುವವರಾದರೆ ಅವರಿಗೂ ಉತ್ತರ ಬೇಕಿರುತ್ತದೆ, ಅಲ್ವಾ?

ಅಕ್ಕನ ಫೋನಿಗೆ ಕಾಯಬೇಡಿ. ಈ ಭಾನುವಾರ ನೀವೇ ಹೋಗಿ. ‘ಭಾವ, ಅವತ್ತು ಆ ಪದ ಆಡಬಾರದಿತ್ತು’ ಅನ್ನಿ. ಕಾಫಿ ಆದಮೇಲೆ ಕೊಬ್ಬರಿಯ ಪ್ರಶ್ನೆಯನ್ನು ಮತ್ತೆ ಕೇಳಿ, ‘ಅವರು’ ಅಂತ.